ಮಾಲ್ಗುಡಿಯ ಮಳೆ: ಒಂದು ವಿಕಿಯಲ್ಲಿ ‘ಸಿಂಧು ಮೂಲ’ ತೀರ್ಮಾನವಾದ ಕತೆ

ಕಳೆದ ಭಾನುವಾರ ರಾತ್ರಿ ಹನ್ನೊಂದಕ್ಕೆ ನಮ್ಮ ಮಾಲ್ಗುಡಿ ವಿಕಿಯ (ಅಭಿಮಾನಿಗಳೇ ಸೇರಿ ಬರೆದು ತಿದ್ದುವ ಜಾಲತಾಣ) ಕೊನೆಯ ಪುಟಕ್ಕೆ ಟ್ಯಾಗ್ ಹಾಕಿ ಮುಗಿಸಿದೆ. ಶುರುವಾಗಿದ್ದು ಆಗಸ್ಟಿನಲ್ಲಿ, ಮುಗಿದದ್ದು ಮಾರ್ಚಿನಲ್ಲಿ. ನಡುವೆ ಒಂದು ಸಲ ಎಲ್ಲ ಬಿಟ್ಟುಬಿಡೋಣ ಅನ್ನಿಸಿತ್ತು. ಇಷ್ಟದ ಕಾದಂಬರಿಗೋ ಧಾರಾವಾಹಿಗೋ ನೀವೂ ವಿಕಿ ಕಟ್ಟುತ್ತಿದ್ದರೆ, ಯಾವುದು ‘ಸಿಂಧು ಮೂಲ’, ಅಂದರೆ ಯಾವ ಕೃತಿಯನ್ನು ಆಧಾರ ಅಂತ ಒಪ್ಪಬೇಕು ಅನ್ನುವ ಈ ಕಷ್ಟ ಒಂದಲ್ಲ ಒಂದು ದಿನ ಬಂದೇ ಬರುತ್ತೆ. ಅದಕ್ಕೇ ಎಲ್ಲ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ನಮ್ಮ ವಿಕಿ ದೊಡ್ಡದೇನಲ್ಲ. ಆರ್. ಕೆ. ನಾರಾಯಣರ ಮಾಲ್ಗುಡಿಯ ಪ್ರತಿ ಬೀದಿಗೂ, ಅಂಗಡಿಗೂ, ಮನುಷ್ಯರಿಗೂ ಕನ್ನಡದಲ್ಲಿ ಒಂದೊಂದು ಪುಟ ಇರಬೇಕು ಅನ್ನುವ ಆಸೆಯಿಂದ ಏಳು ಜನ ಸೇರಿ ಕಟ್ಟುತ್ತಿದ್ದೇವೆ. ಈಗ ಸುಮಾರು ನಾನೂರು ಪುಟ ಇದೆ. ನಿರ್ವಾಹಕರು ಇಬ್ಬರು. ಒಬ್ಬರು ತೀರ್ಥಹಳ್ಳಿ ಕಡೆಯ ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಇನ್ನೊಬ್ಬಳು ಮೈಸೂರಿನಲ್ಲಿ ಎಂ.ಎ. ಓದುತ್ತಿರುವ ಹುಡುಗಿ. ನಾನು ಶಿವಮೊಗ್ಗದಲ್ಲಿ ಸಹಕಾರ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತೇನೆ. ರಾತ್ರಿ ಊಟ ಆದಮೇಲೆ ಎರಡು ಗಂಟೆ ವಿಕಿಗೆ.

ಜಗಳ ಹುಟ್ಟಿದ್ದು ಮಳೆಯಿಂದ. ‘ಮಾಲ್ಗುಡಿ’ ಪುಟದಲ್ಲಿ ನಾನು ಹೀಗೆ ಬರೆದಿದ್ದೆ: “ಊರಿನ ಸುತ್ತ ದಟ್ಟ ಹಸಿರು. ಇಲ್ಲಿ ಮಳೆಗಾಲ ಬಹಳ ಜೋರು. ಹೆಂಚಿನ ಮನೆಗಳು, ದೊಡ್ಡ ಅಂಗಳ.” ಮರುದಿನ ಬೆಳಿಗ್ಗೆ ಅದು ಅಳಿಸಿಹೋಗಿತ್ತು. ಕಾರಣದ ಜಾಗದಲ್ಲಿ ಎರಡೇ ಪದ: “ಪುಸ್ತಕದಲ್ಲಿ ಎಲ್ಲಿದೆ?” ನಾನು ಮತ್ತೆ ಹಾಕಿದೆ. ಮತ್ತೆ ಹೋಯಿತು. ಒಂದು ವಾರದಲ್ಲಿ ಮೂರು ಸಲ.

ನನಗೆ ನಿಜಕ್ಕೂ ನೋವಾಯಿತು. ಮಾಲ್ಗುಡಿ ನನಗೆ ಪರಿಚಯ ಆಗಿದ್ದು ಪುಸ್ತಕದಿಂದಲ್ಲ. ಚಿಕ್ಕವಳಿದ್ದಾಗ ಪಕ್ಕದ ಮನೆಯ ಟಿ.ವಿ. ಮುಂದೆ ಚಾಪೆ ಮೇಲೆ ಕೂತು ದೂರದರ್ಶನದಲ್ಲಿ ‘ಮಾಲ್ಗುಡಿ ಡೇಸ್’ ಧಾರಾವಾಹಿ ನೋಡಿದ್ದು. ಹಿಂದಿ ಒಂದು ಮಾತೂ ಅರ್ಥ ಆಗುತ್ತಿರಲಿಲ್ಲ. ಎಲ್. ವೈದ್ಯನಾಥನ್ ಅವರ ಆ ರಾಗ ಕೇಳಿಸಿದರೆ ಅಡುಗೆಮನೆಯಿಂದ ಅಮ್ಮನೂ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಆಮೇಲೆ ಆರ್. ಕೆ. ಲಕ್ಷ್ಮಣರ ಗೆರೆಗಳು, ಆಮೇಲೆ ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್. ಅಪ್ಪನ ಪಾತ್ರದಲ್ಲಿ ಗಿರೀಶ್ ಕಾರ್ನಾಡರು ಗದರಿಸಿದರೆ ನಾನೂ ನೆಟ್ಟಗೆ ಕೂರುತ್ತಿದ್ದೆ. ಶಂಕರ್‌ನಾಗ್ ಅದನ್ನು ಹೆಚ್ಚಾಗಿ ಚಿತ್ರೀಕರಿಸಿದ್ದು ಆಗುಂಬೆಯಲ್ಲಿ, ನಮ್ಮ ಜಿಲ್ಲೆಯಲ್ಲೇ. ಹಾಗಾಗಿ ಮಾಲ್ಗುಡಿ ಅಂದರೆ ನನ್ನ ಕಣ್ಣಿಗೆ ಕಟ್ಟುವುದು ಆಗುಂಬೆಯೇ.

ಮೂರನೇ ಸಲ ಸಾಲು ಅಳಿಸಿದ ಸಂಜೆ ಮೇಷ್ಟ್ರು ಫೋನ್ ಮಾಡಿದರು.

“ನೋಡಮ್ಮಾ, ನೀನು ಬರೆದಿರೋ ಮಳೆ ಆಗುಂಬೇದು. ನಾನೂ ಅದೇ ಮಳೇಲಿ ಬೆಳೆದೋನು. ಆದ್ರೆ ಪುಸ್ತಕ ತೆಗೆದು ತೋರಿಸು ನೋಡೋಣ.”

“ಸೀರಿಯಲ್ಲಲ್ಲಿ ಇದೆಯಲ್ಲಾ ಸರ್?”

“ಸೀರಿಯಲ್ಲು ನಮ್ಮ ಲೆಕ್ಕಕ್ಕೆ ಬರುತ್ತೆ ಅಂತ ಯಾವತ್ತು ತೀರ್ಮಾನ ಮಾಡಿದ್ವಿ?”

ಮಾಡಿರಲಿಲ್ಲ. ಬರಲ್ಲ ಅಂತಲೂ ಮಾಡಿರಲಿಲ್ಲ. ಎರಡು ವರ್ಷದಿಂದ ಏಳು ಜನ ಏಳು ಥರ ಅಂದುಕೊಂಡು ಬರೆಯುತ್ತಿದ್ದೆವು.

ಆಗಸ್ಟ್ ಕೊನೆಯ ವಾರ ನಾನು ಚರ್ಚಾ ಪುಟದಲ್ಲಿ ಪ್ರಸ್ತಾವ ಹಾಕಿದೆ. ಮತಪೆಟ್ಟಿಗೆಯ ಲೆಕ್ಕದಲ್ಲಿ ಹೇಳುವ ಹಾಗೆ ‘ಸಿಂಧು’, ‘ಅಸಿಂಧು’ ಅನ್ನುವ ಪದಗಳನ್ನೇ ಬಳಸಿದೆ. ಅದು ಎಲ್ಲರಿಗೂ ತಕ್ಷಣ ಅರ್ಥ ಆಯಿತು. ಪ್ರಸ್ತಾವ ಮಾತ್ರ ನಾಲ್ಕೇ ದಿನದಲ್ಲಿ ವಾಪಸ್ ಬಂತು. “ಮಾಲ್ಗುಡಿ ಡೇಸ್ ಧಾರಾವಾಹಿಯನ್ನು ಸಿಂಧು ಮೂಲ ಎಂದು ಒಪ್ಪಬೇಕು” ಅಂತಷ್ಟೇ ಬರೆದಿದ್ದೆ. ಮೈಸೂರಿನ ಹುಡುಗಿ ಕೆಳಗೆ ಬರೆದಳು: “ಅಕ್ಕಾ, ಇದನ್ನ ಒಪ್ಪಿದ್ರೆ 1965ರ ಗೈಡ್ ಸಿನಿಮಾನೂ ಒಪ್ಪಬೇಕಾಗುತ್ತೆ. ಆಗ ಮಾಲ್ಗುಡಿಯನ್ನ ರಾಜಸ್ಥಾನದಲ್ಲಿ ಇಡೋಣ್ವಾ?” ನಾರಾಯಣರದೇ ಕಾದಂಬರಿಯಿಂದ ಮಾಡಿದ ಆ ಸಿನಿಮಾದ ಚಿತ್ರೀಕರಣ ಆಗಿದ್ದು ರಾಜಸ್ಥಾನದಲ್ಲಿ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ, ಏಳು ತಿಂಗಳಲ್ಲಿ ಕನಿಷ್ಠ ಎರಡು ತಿಂಗಳು ನಾನು ಕಳೆದುಕೊಂಡಿದ್ದು ಇದು ಗೊತ್ತಿಲ್ಲದೆ. ‘ಇದು ಬೇಕಾ, ಅದು ಬೇಡ್ವಾ’ ಅಂತ ಒಂದೊಂದೇ ಕೃತಿ ಹಿಡಿದು ಚರ್ಚೆ ಶುರು ಮಾಡಬೇಡಿ. ಮೊದಲು ನಿಯಮ ಆಗಲಿ, ಆಮೇಲೆ ಆ ನಿಯಮದ ಮುಂದೆ ಒಂದೊಂದೇ ಕೃತಿಯನ್ನು ನಿಲ್ಲಿಸಿ. ಉಲ್ಟಾ ಮಾಡಿದರೆ ಎಲ್ಲರೂ ತಮಗೆ ಇಷ್ಟವಾದದ್ದಕ್ಕೆ ವಕೀಲರಾಗಿಬಿಡುತ್ತಾರೆ. ನಾನೂ ಆಗಿದ್ದೆ.

ಸೆಪ್ಟೆಂಬರ್ ಪೂರ್ತಿ ಬೇರೆ ವಿಕಿಗಳ ನಿಯಮ ಓದಿದೆ. ಸ್ಟಾರ್ ಟ್ರೆಕ್ ಅನ್ನುವ ಇಂಗ್ಲಿಷ್ ಧಾರಾವಾಹಿಯ ವಿಕಿ ಮೆಮೊರಿ ಆಲ್ಫಾದಲ್ಲಿ ತೆರೆಯ ಮೇಲೆ ಬಂದದ್ದೇ ಪ್ರಮಾಣ. ಕಾದಂಬರಿಗಳಿಗೆ ಮೆಮೊರಿ ಬೀಟಾ ಅಂತ ಬೇರೆ ವಿಕಿಯೇ ಇದೆ. ಸ್ಟಾರ್ ವಾರ್ಸ್ ಸಿನಿಮಾಗಳ ವಿಕಿ ವೂಕಿಪೀಡಿಯಾದ ಕತೆ ಇನ್ನೂ ಕಷ್ಟದ್ದು. 2014ರ ಏಪ್ರಿಲ್‌ನಲ್ಲಿ ಆ ಸಿನಿಮಾಗಳ ಕಂಪನಿ ಲ್ಯೂಕಾಸ್‌ಫಿಲ್ಮ್ ಹಳೆಯ ಕಾದಂಬರಿ, ಕಾಮಿಕ್ಸ್‌ಗಳನ್ನೆಲ್ಲ ‘ಲೆಜೆಂಡ್ಸ್’ ಅಂತ ಬೇರೆ ಮಾಡಿತು. ಆಮೇಲೆ ಒಂದೇ ಪಾತ್ರಕ್ಕೆ ಎರಡು ಪುಟ, ಮೇಲೆ ಎರಡು ಟ್ಯಾಬ್. ಡಾಕ್ಟರ್ ಹೂ ಅನ್ನುವ ಬ್ರಿಟಿಷ್ ಧಾರಾವಾಹಿಯ ಅಭಿಮಾನಿಗಳ ಟಾರ್ಡಿಸ್ ವಿಕಿಯಲ್ಲಿ ನಾಲ್ಕು ಪುಟ್ಟ ನಿಯಮ ಇವೆ: ಕತೆಯಾಗಿರಬೇಕು, ಹಕ್ಕುದಾರರ ಪರವಾನಗಿ ಇರಬೇಕು, ಅಧಿಕೃತವಾಗಿ ಬಿಡುಗಡೆಯಾಗಿರಬೇಕು, ಆ ಲೋಕದೊಳಗೆ ನಡೆಯಬೇಕು ಅನ್ನುವ ಉದ್ದೇಶ ಇರಬೇಕು. ನಮಗೆ ದಾರಿ ತೋರಿಸಿದ್ದು ಇದೇ. ಹೊಸಬರು ಇದನ್ನು ಓದಿಯೇ ಶುರು ಮಾಡಿ. ಹಾಗಂತ ಹಾಗೇ ಎತ್ತಿ ಇಟ್ಟುಕೊಳ್ಳೋಕೆ ಆಗಲ್ಲ. ಅಲ್ಲಿ ನೂರಾರು ಲೇಖಕರು. ನಮ್ಮಲ್ಲಿ ಒಬ್ಬರೇ ಲೇಖಕರು.

ಅಕ್ಟೋಬರಿನಲ್ಲಿ ಪುಸ್ತಕ ಓದುವ ಕೆಲಸ. ನಾರಾಯಣರ ಕಾದಂಬರಿ ನನ್ನ ಹತ್ತಿರ ಇದ್ದದ್ದು ಎರಡೇ. 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ನಿಂದ 1990ರ ‘ದ ವರ್ಲ್ಡ್ ಆಫ್ ನಾಗರಾಜ್’ವರೆಗೆ ಎಲ್ಲ ಬೇಕಿತ್ತು. ದಸರಾ ರಜೆಯಲ್ಲಿ ಬೆಂಗಳೂರಿಗೆ ಹೋಗಿ ಹಳೆ ಪುಸ್ತಕದಂಗಡಿಗಳಲ್ಲಿ ಒಂಬತ್ತು ಪುಸ್ತಕ ತಂದೆ, 1,650 ರೂಪಾಯಿ. ಸಿಗದೆ ಉಳಿದ ನಾಲ್ಕನ್ನು ಆನ್‌ಲೈನ್‌ನಲ್ಲಿ ಹೊಸದೇ ತರಿಸಿದೆ, ಇನ್ನೊಂದು 1,200. ಬಸ್ಸಿನ ಖರ್ಚು ಬೇರೆ. ಪುಸ್ತಕದ ಆವೃತ್ತಿ ಬದಲಾದರೆ ಪುಟ ಸಂಖ್ಯೆ ಬದಲಾಗುತ್ತೆ, ಅದಕ್ಕೇ ವಿಕಿಯಲ್ಲಿ ಆಧಾರ ಕೊಡುವಾಗ ಅಧ್ಯಾಯದ ಸಂಖ್ಯೆ ಕೊಡಿ. ಉದ್ದುದ್ದ ಪ್ಯಾರಾ ನಕಲು ಮಾಡಬೇಡಿ. ನಾರಾಯಣರು ತೀರಿಕೊಂಡಿದ್ದು 2001ರಲ್ಲಿ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತೆ, ಅಂದರೆ 2061ರ ಕೊನೆವರೆಗೆ. ಲಕ್ಷ್ಮಣರ ಚಿತ್ರಗಳಿಗೆ ಇನ್ನೂ ಜಾಸ್ತಿ.

ಓದುತ್ತಾ ಓದುತ್ತಾ ಗೊತ್ತಾಯಿತು, ನಾವು ಮಾಡಿದ್ದ ತಪ್ಪು ಮಳೆಯೊಂದೇ ಅಲ್ಲ.

‘ಸ್ಯಾಮ್ಯುಯೆಲ್’ ಪುಟವನ್ನೇ ನೋಡಿ. ನಮ್ಮ ವಿಕಿಯಲ್ಲಿ ಆ ಪುಟ ಹೀಗಿತ್ತು: ಸ್ವಾಮಿಯ ತರಗತಿಯ ಹುಡುಗ, ಗಿಡ್ಡ, ಗೆಳೆಯರು ‘ಬಟಾಣಿ’ ಅಂತ ಕರೆಯುತ್ತಿದ್ದರು. ಎರಡನೇ ಪ್ಯಾರಾದಲ್ಲಿ: ತುಂಬಾ ಹೊಡೆಯುತ್ತಾರೆ ಅಂತ ಸ್ವಾಮಿ ಅಪ್ಪನ ಹತ್ತಿರ ಹೇಳಿದ ಮೇಷ್ಟ್ರು. ಒಬ್ಬನೇ ಮನುಷ್ಯ ಹುಡುಗನೂ ಮೇಷ್ಟ್ರೂ ಆಗಿಬಿಟ್ಟಿದ್ದ! ರಾತ್ರಿ ಎರಡೂ ಪುಸ್ತಕ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಬಿಚ್ಚಿಟ್ಟು, ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತಾ ಕೂತೆ. ಬಟಾಣಿ ಸ್ಯಾಮ್ಯುಯೆಲ್ ಇರುವುದು ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯಲ್ಲಿ. ಮೇಷ್ಟ್ರು ಸ್ಯಾಮ್ಯುಯೆಲ್ ಇರುವುದು ‘ಫಾದರ್ಸ್ ಹೆಲ್ಪ್’ ಅನ್ನುವ ಸಣ್ಣಕತೆಯಲ್ಲಿ. ಹೆಸರು ಒಂದೇ, ಮನುಷ್ಯರು ಇಬ್ಬರು. ಯಾರೋ ಒಬ್ಬರು ಹೆಸರು ನೋಡಿ ಎರಡು ಪುಟ ಸೇರಿಸಿದ್ದರು. ಎಲ್ಲಿಂದ ಬಂದದ್ದು ಅಂತ ಬರೆಯದೇ ಇದ್ದದ್ದರಿಂದ ಎರಡು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಆವತ್ತು ರಾತ್ರಿ ನನಗೆ ಮೊದಲ ಸಲ ಅನ್ನಿಸಿತು, ಮೇಷ್ಟ್ರು ಪುಸ್ತಕ ತೋರಿಸು ಅಂತ ಹಟ ಹಿಡಿದದ್ದು ನನ್ನ ಮೇಲಿನ ಕೋಪಕ್ಕಲ್ಲ.

ಇನ್ನೊಂದು ತೊಡಕು ನಾನು ಎಣಿಸಿಯೇ ಇರಲಿಲ್ಲ. ‘ಮಾಲ್ಗುಡಿ ಡೇಸ್’ ಅಂತಲೇ ಹೆಸರಿರುವ 1982ರ ಸಂಕಲನದಲ್ಲಿ ‘ಫೆಲೋ ಫೀಲಿಂಗ್’ ಅನ್ನುವ ಕತೆ ಇದೆ. ಅದು ನಡೆಯುವುದು ಮದ್ರಾಸ್–ಬೆಂಗಳೂರು ಎಕ್ಸ್‌ಪ್ರೆಸ್ ರೈಲಿನೊಳಗೆ. ಜಗಳಗಂಟ ಪ್ರಯಾಣಿಕ ಇಳಿದುಹೋಗುವುದು ಜೋಲಾರ್‌ಪೇಟೆಯಲ್ಲಿ. ಹಾಗಾದರೆ ಆ ಪ್ರಯಾಣಿಕನಿಗೆ ನಮ್ಮ ವಿಕಿಯಲ್ಲಿ ಪುಟ ಬೇಕಾ? ‘ಎ ಹಾರ್ಸ್ ಅಂಡ್ ಟೂ ಗೋಟ್ಸ್’ ನಡೆಯುವುದು ಕೃತಂ ಅನ್ನುವ ಪುಟ್ಟ ಹಳ್ಳಿಯಲ್ಲಿ. ಆ ಮುನಿ ಮುದುಕ ಮಾಲ್ಗುಡಿಯವನಾ? ಇದರ ಮೇಲೆ ಮಾತ್ರ ಹದಿನೆಂಟು ದಿನ ಚರ್ಚೆ ನಡೆಯಿತು. ರಟ್ಟಿನ ಮೇಲಿನ ಹೆಸರು ನಂಬಿದರೆ ಆಗಲ್ಲ, ಕತೆಯ ಒಳಗೆ ಮಾಲ್ಗುಡಿಯೋ ಮಾಲ್ಗುಡಿಯ ಪಾತ್ರವೋ ಹೆಸರು ಹಿಡಿದು ಬರಬೇಕು ಅಂತ ಕೊನೆಗೆ ಒಪ್ಪಿಕೊಂಡೆವು.

ಸಿಂಧು ಮೂಲಗಳು ತಮ್ಮತಮ್ಮಲ್ಲೇ ಹೊಂದದಿದ್ದರೆ? ‘ಲಾಲಿ ರೋಡ್’ ಕತೆಯಲ್ಲಿ ಸರ್ ಫ್ರೆಡರಿಕ್ ಲಾಲಿಯ ಪ್ರತಿಮೆಯನ್ನು ಕಿತ್ತು ಕಬೀರ್ ಲೇನಿನ ಮನೆಯೊಂದಕ್ಕೆ ಸಾಗಿಸುತ್ತಾರೆ. 1967ರ ‘ದ ವೆಂಡರ್ ಆಫ್ ಸ್ವೀಟ್ಸ್’ನಲ್ಲಿ ಮಿಠಾಯಿ ವ್ಯಾಪಾರಿ ಜಗನ್ ಓಡಾಡುವ ದಾರಿಯಲ್ಲಿ ಅದೇ ಪ್ರತಿಮೆ ನಿಂತಿದೆ. ಮೊದಲು ಬಂದದ್ದು ನಿಜ ಅನ್ನೋಣ ಅಂದರು ಒಬ್ಬರು. ಕೊನೆಗೆ ಬಂದದ್ದು ಅಂದರು ಇನ್ನೊಬ್ಬರು. ನಾವು ಯಾವುದನ್ನೂ ಗೆಲ್ಲಿಸಲಿಲ್ಲ. ‘ಈ ಕತೆಯ ಪ್ರಕಾರ’, ‘ಆ ಕಾದಂಬರಿಯ ಪ್ರಕಾರ’ ಅಂತ ಎರಡನ್ನೂ ಬರೆಯುವುದು ಅಂತ ಆಯಿತು. ಹೊಂದಿಸೋಕೆ ನಮ್ಮ ತಲೆಯಿಂದ ಕಾರಣ ಹುಟ್ಟಿಸಿ ಬರೆಯಬಾರದು. ಇದನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದೇವೆ, ನೀವೂ ಹಾಕಿಕೊಳ್ಳಿ.

ನವೆಂಬರಿನಲ್ಲಿ ನಾನು ಧಾರಾವಾಹಿಯ ಪರ ಎರಡನೇ ಸಲ ನಿಂತೆ, ಈ ಸಲ ದಾಖಲೆ ಜೊತೆ. ಒಂದು, ನಾರಾಯಣರಿಗೆ ಧಾರಾವಾಹಿ ಹಿಡಿಸಿತ್ತು, ಕತೆಗೆ ನಿಷ್ಠವಾಗಿದೆ ಅಂತ ಮೆಚ್ಚಿದ್ದರು. ಎರಡು, ಚಿತ್ರೀಕರಣ ನಡೆದಿದ್ದ ಅರಸಾಳು ರೈಲು ನಿಲ್ದಾಣವನ್ನು ರೈಲ್ವೆಯವರೇ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಭಾನುವಾರ ಅಲ್ಲಿಗೆ ಹೋಗಿ ಫೋಟೊ ತೆಗೆದುಕೊಂಡು ಬಂದಿದ್ದೆ. ಅಷ್ಟು ಹೊತ್ತು ಆ ಪ್ಲಾಟ್‌ಫಾರಂ ಮೇಲೆ ನಿಂತು, ಇದು ಮಾಲ್ಗುಡಿ ಅಲ್ಲ ಅಂತ ಹೇಗೆ ಹೇಳ್ತಾರೆ ಅಂತ ಅಂದುಕೊಂಡೆ.

ಎರಡೂ ವಾದ ನಿಲ್ಲಲಿಲ್ಲ. ಮ್ಯೂಸಿಯಂ ಆಗಿದ್ದು ಧಾರಾವಾಹಿಯಿಂದ, ಅದೇ ಧಾರಾವಾಹಿಗೆ ಅದು ಸಾಕ್ಷಿ ಆಗೋಕೆ ಆಗಲ್ಲ ಅಂದರು ಮೇಷ್ಟ್ರು. ಸರಿ ಅನ್ನಿಸಿತು. ಮೊದಲನೆಯದಕ್ಕೆ ಮೈಸೂರಿನ ಹುಡುಗಿ ಕೊಟ್ಟ ಉತ್ತರ ಇನ್ನೂ ಗಟ್ಟಿಯಾಗಿತ್ತು. ಗೈಡ್ ಸಿನಿಮಾ ಬಗ್ಗೆ ನಾರಾಯಣರಿಗೆ ಬೇಸರ ಇತ್ತು. ಚಿತ್ರತಂಡಕ್ಕೆ ಮೈಸೂರು ಸೀಮೆಯ ಜಾಗಗಳನ್ನು ತೋರಿಸಿದ್ದೂ, ತಂಡದವರು ಅದೆಲ್ಲ ಬಿಟ್ಟು ರಾಜಸ್ಥಾನಕ್ಕೆ ಹೋದದ್ದೂ ನಾರಾಯಣರ ‘ಮಿಸ್‌ಗೈಡೆಡ್ ಗೈಡ್’ ಪ್ರಬಂಧದಲ್ಲಿದೆ. “ಅಕ್ಕಾ, ಲೇಖಕರಿಗೆ ಇಷ್ಟ ಆಗಿದ್ದು ಸಿಂಧು, ಇಷ್ಟ ಆಗದ್ದು ಅಸಿಂಧು ಅಂದ್ರೆ ನಾವು ಅವರ ಮನಸ್ಸನ್ನ ಅಳೀಬೇಕಾಗುತ್ತೆ. ಮೆಚ್ಚೋದು ಬೇರೆ, ಬರೆಯೋದು ಬೇರೆ ಅಲ್ವಾ?”

ಆ ಸಾಲು ಓದಿ ಲ್ಯಾಪ್‌ಟಾಪ್ ಮುಚ್ಚಿದೆ. ಒಂದು ವಾರ ತೆಗೆಯಲಿಲ್ಲ. ಬಿಟ್ಟುಬಿಡೋಣ ಅನ್ನಿಸಿದ್ದು ಆಗಲೇ. ಚಿಕ್ಕಂದಿನಿಂದ ನನ್ನದು ಅಂತ ಇಟ್ಟುಕೊಂಡಿದ್ದ ಊರನ್ನು ಯಾರೋ ನನ್ನ ಕೈಯಿಂದ ಬಿಡಿಸಿಕೊಂಡ ಹಾಗಾಗಿತ್ತು. ವಾಪಸ್ ಕರೆತಂದದ್ದು 1982ರ ಸಂಕಲನಕ್ಕೆ ನಾರಾಯಣರೇ ಬರೆದ ಮುನ್ನುಡಿ. ಲಂಡನ್ನಿನ ಟಿ.ವಿ. ನಿರ್ಮಾಪಕರೊಬ್ಬರು ನನಗೆ ಮಾಲ್ಗುಡಿ ತೋರಿಸಿ ಅಂತ ಕೇಳಿದಾಗ ತಮಗಾದ ಗಾಬರಿಯನ್ನು ಅಲ್ಲಿ ಹೇಳುತ್ತಾರೆ. ಮಾಲ್ಗುಡಿ ಒಂದು ಕಲ್ಪನೆ, ಎಷ್ಟು ಕೇಳಿದರೂ ಅದಕ್ಕಿಂತ ಗಟ್ಟಿ ಮಾಡಿ ತೋರಿಸಲಾರೆ ಅನ್ನುವ ಅರ್ಥದ ಮಾತಿದೆ. ಲೇಖಕರೇ ತೋರಿಸಲಾರೆ ಅಂದ ಊರನ್ನು ಶಂಕರ್‌ನಾಗ್ ತೋರಿಸಿದರು. ಅದು ಅವರ ಕೆಲಸ. ಎರಡನ್ನೂ ಒಂದೇ ಪ್ಯಾರಾದಲ್ಲಿ ಕಲಸಿದರೆ ಯಾವುದು ಯಾರದು ಅಂತಲೇ ಗೊತ್ತಾಗಲ್ಲ, ಶಂಕರ್‌ನಾಗ್ ಮಾಡಿದ್ದೂ ಕಾಣಲ್ಲ. ಇದು ಹೊಳೆದ ಮೇಲೆ ನಾನೇ ಹೊಸ ಪ್ರಸ್ತಾವ ಬರೆದೆ: ಧಾರಾವಾಹಿಗೆ, ಸಿನಿಮಾಗಳಿಗೆ ಪ್ರತಿ ಪುಟದಲ್ಲೂ ಬೇರೆ ಟ್ಯಾಬ್ ಬೇಕು.

ಆಮೇಲೆ ಬರೀ ಕಾಯುವುದು. ನಮ್ಮಲ್ಲಿ ಪ್ರಸ್ತಾವ ಹದಿನಾಲ್ಕು ದಿನ ತೆರೆದಿರಬೇಕು, ಏಳರಲ್ಲಿ ಐದು ಜನ ಅಭಿಪ್ರಾಯ ಬರೆಯಬೇಕು. ಮೊದಲ ಸುತ್ತಿನಲ್ಲಿ ಬರೆದವರು ಮೂರೇ ಜನ. ಒಬ್ಬರ ಮನೆಯಲ್ಲಿ ಮದುವೆ, ಮೈಸೂರಿನ ಹುಡುಗಿಗೆ ಸೆಮಿಸ್ಟರ್ ಪರೀಕ್ಷೆ, ಮೇಷ್ಟ್ರಿಗೆ ಕಣ್ಣಿನ ಪೊರೆಯ ಆಪರೇಷನ್. ಎರಡನೇ ಸುತ್ತು ಜನವರಿಯಲ್ಲಿ. ಈ ಥರ ಕೆಲಸಕ್ಕೆ ಇಳಿಯುವ ಮುಂಚೆ ಎಲ್ಲರಿಗೂ ಫೋನ್ ಮಾಡಿ ಬಿಡುವು ಯಾವಾಗ ಅಂತ ಕೇಳಿಕೊಳ್ಳಿ. ಸುಮ್ನೆ ಕಾದು ಬೇಜಾರು ಮಾಡಿಕೊಳ್ಳೋದು ತಪ್ಪುತ್ತೆ.

ಜನವರಿ ಕೊನೆಗೆ ತೀರ್ಮಾನ ಬಂತು. ಸಿಂಧು ಅನ್ನಿಸಿಕೊಳ್ಳಬೇಕಾದರೆ ಅದು ನಾರಾಯಣರೇ ಬರೆದದ್ದಾಗಿರಬೇಕು, ಕತೆಯಾಗಿರಬೇಕು, ಪ್ರಕಟವಾಗಿರಬೇಕು, ಮಾಲ್ಗುಡಿಯೋ ಅಲ್ಲಿಯ ಪಾತ್ರವೋ ಹೆಸರು ಹಿಡಿದು ಬಂದಿರಬೇಕು. ಅವರ ಆತ್ಮಕಥೆ ‘ಮೈ ಡೇಸ್’ ಕತೆಯಲ್ಲ, ಅದು ಪುಟದ ಕೊನೆಯ ‘ಹಿನ್ನೆಲೆ’ ಭಾಗಕ್ಕೆ ಮಾತ್ರ. ಜೇಮ್ಸ್ ಫೆನೆಲ್ಲಿ ಅನ್ನುವ ವಿದ್ವಾಂಸರು ಪುಸ್ತಕಗಳನ್ನು ಓದಿ ಬಿಡಿಸಿದ ಮಾಲ್ಗುಡಿಯ ನಕ್ಷೆ ಎಷ್ಟೇ ಚೆನ್ನಾಗಿದ್ದರೂ ಅದು ಒಬ್ಬ ಓದುಗರ ಊಹೆ, ಹಾಗಾಗಿ ಅದೂ ಅಲ್ಲಿಗೇ. ಮಲ್ಲೇಶ್ವರ ಮತ್ತು ಬಸವನಗುಡಿ ಸೇರಿ ಮಾಲ್ಗುಡಿ ಆಯಿತು ಅನ್ನುವ ಮಾತೂ ಅಲ್ಲಿಗೇ. ಧಾರಾವಾಹಿ, ಗೈಡ್, ಟಿ. ಎಸ್. ನಾಗಾಭರಣರ ‘ಬ್ಯಾಂಕರ್ ಮಾರ್ಗಯ್ಯ’ ಎಲ್ಲ ‘ರೂಪಾಂತರ’ ಟ್ಯಾಬಿಗೆ. ಲೋಕೇಶ್ ಅವರ ಮಾರ್ಗಯ್ಯನ ಬಗ್ಗೆ ಆ ಟ್ಯಾಬಿನಲ್ಲಿ ಮನಸ್ಸು ತುಂಬಿ ಬರೆದೆ. ಪುಸ್ತಕದ ಮಾರ್ಗಯ್ಯ ಸಹಕಾರ ಭೂ ಅಡಮಾನ ಬ್ಯಾಂಕಿನ ಎದುರು ಆಲದ ಮರದ ಕೆಳಗೆ ಪೆಟ್ಟಿಗೆ ಇಟ್ಟುಕೊಂಡು ಕೂರುವವನು. ನಮ್ಮ ಬ್ಯಾಂಕಿನ ಎದುರೂ ಅರ್ಜಿ ತುಂಬಿಕೊಡುವವರು ಕೂರುತ್ತಾರೆ, ದಿನಾ ನೋಡುತ್ತೇನೆ.

ತೀರ್ಮಾನ ಆದ ಮೇಲೂ ಕೆಲಸ ಮುಗಿಯಲ್ಲ, ನೆನಪಿರಲಿ. ನಾನೂರು ಪುಟಗಳನ್ನು ಒಂದೊಂದಾಗಿ ತೆರೆದು, ಪ್ರತಿ ಸಾಲಿನ ಮೂಲ ಹುಡುಕಿ, ಜಾಗ ಬದಲಿಸಬೇಕು. ದಿನಕ್ಕೆ ಎಂಟು ಪುಟಕ್ಕಿಂತ ಜಾಸ್ತಿ ನನ್ನ ಕೈಲಿ ಆಗಲಿಲ್ಲ. ಉಳಿದವರೂ ಕೈಹಾಕಿದ್ದರಿಂದ ಐದೂವರೆ ವಾರದಲ್ಲಿ ಆಯಿತು. ಮೂಲ ಸಿಗದ ಸಾಲುಗಳನ್ನು ತಕ್ಷಣ ಅಳಿಸಬೇಡಿ, ಚರ್ಚಾ ಪುಟಕ್ಕೆ ಎತ್ತಿಡಿ. ಹಾಗೆ ಎತ್ತಿಟ್ಟ ಅರವತ್ತು ಸಾಲಿನಲ್ಲಿ ಇಪ್ಪತ್ತಕ್ಕೆ ಆಮೇಲೆ ಮೂಲ ಸಿಕ್ಕಿತು. ‘ಮಾಲ್ಗುಡಿ’ ಪುಟವನ್ನು ಮೇಷ್ಟ್ರು ನನಗೇ ಬಿಟ್ಟಿದ್ದರು. ಮಳೆಯ ಮೂರು ಸಾಲನ್ನು ನಾನೇ ಕತ್ತರಿಸಿ ರೂಪಾಂತರ ಟ್ಯಾಬಿಗೆ ಅಂಟಿಸಿದೆ. ಮೊದಲ ಟ್ಯಾಬಿನಲ್ಲಿ ಆ ಜಾಗಕ್ಕೆ ಸರಯೂ ನದಿಯ ದಡದ ಮರಳು ಬಂತು, ಸಂಜೆ ಊರಿನವರೆಲ್ಲ ಹೋಗಿ ಕೂರುವ ಮರಳು.

ಒಂದೇ ಒಂದು ವಿಷಯ ಬಾಕಿ ಉಳಿದಿದೆ. 1947ರಲ್ಲಿ ‘ಮಿಸ್ ಮಾಲಿನಿ’ ಅನ್ನುವ ತಮಿಳು ಸಿನಿಮಾ ಬಂತು, ಜೆಮಿನಿ ಸ್ಟುಡಿಯೋದ್ದು. ಅದರ ಕತೆ ನಾರಾಯಣರೇ ಸಿನಿಮಾಕ್ಕಾಗಿ ಬರೆದದ್ದು. ಅದರಲ್ಲಿ ಸಂಪತ್ ಅನ್ನುವ ಪಾತ್ರ ಇದೆ. ‘ಮಿಸ್ಟರ್ ಸಂಪತ್’ ಕಾದಂಬರಿ ಬಂದಿದ್ದು ಅದಾದ ಎರಡು ವರ್ಷಕ್ಕೆ. ಅಂದರೆ ಇದು ರೂಪಾಂತರ ಅಲ್ಲ, ಪುಸ್ತಕಕ್ಕಿಂತ ಮುಂಚಿನದು, ಲೇಖಕರದೇ ಕೈ. ಆದರೆ ಅದರಲ್ಲಿ ಮಾಲ್ಗುಡಿಯ ಹೆಸರು ಬರುತ್ತಾ ಅಂತ ನೋಡೋಕೆ ಸಿನಿಮಾ ನಮಗೆ ಎಲ್ಲೂ ಸಿಗಲಿಲ್ಲ. ಪುಟಕ್ಕೆ ‘ತೀರ್ಮಾನ ಬಾಕಿ’ ಅಂತ ಟ್ಯಾಗ್ ಹಾಕಿದ್ದೇವೆ. ಆ ಕಾಲದಲ್ಲಿ ಟಾಕೀಸಿನ ಹತ್ತಿರ ಸಿನಿಮಾದ ಹಾಡಿನ ಪುಸ್ತಕ ಮಾರುತ್ತಿದ್ದರು. ಒಳಗೆ ಕತೆಯ ಸಾರಾಂಶವೂ ಇರುತ್ತಿತ್ತು. ನಿಮ್ಮ ಅಜ್ಜಿಯ ಟ್ರಂಕಿನಲ್ಲೋ ಅಟ್ಟದ ಮೇಲೋ ‘ಮಿಸ್ ಮಾಲಿನಿ’ಯ ಹಾಡಿನ ಪುಸ್ತಕ ಇದ್ದರೆ, ದಯವಿಟ್ಟು ಆ ಸಾರಾಂಶದ ಪುಟದ ಒಂದು ಫೋಟೊ ತೆಗೆದು ತಿಳಿಸಿ. ಹಳೆಯ ಕಾಗದ ಅಲ್ವಾ, ಪೂರ್ತಿ ಬಿಚ್ಚಲು ಹೋಗಬೇಡಿ, ಮಡಿಕೆ ಹರಿಯುತ್ತೆ.